ನನ್ನ ಕಾಲುಗಳ ಸುದ್ದಿಯೇ ತಿಳಿಯದ ಕೈಗಡಿಯಾರದವರಿಗೆ

ಒಂದು ತಿಂಗಳಿಗೆಂದು ಬಂದು ನನ್ನ ಎಡಗೈ ಮಣಿಕಟ್ಟಿನ ಮೇಲೆ ವಿರಾಜಮಾನರಾಗಿದ್ದ ಶ್ರೀಮಾನ್ ಸ್ಮಾರ್ಟ್‌ವಾಚ್ ಅವರ ಸನ್ನಿಧಿಗೆ,

ಮಾನ್ಯರೇ,

ಮೆಟ್ಟಿಲ ಕೆಳಗಿನ ಹೊಲಿಗೆ ಅಂಗಡಿಯ ಅಮ್ಮ ಮಾಡುವ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವುದು ವಾಡಿಕೆ, ಆದರೆ ಊರವರ ಕ್ಷೇಮಸಮಾಚಾರದ ಗುತ್ತಿಗೆಯನ್ನೇ ತಾವು ಹಿಡಿದಿರುವಾಗ ತಮ್ಮ ಕ್ಷೇಮ ವಿಚಾರಿಸಲು ನಾನು ಯಾರು? ತಮ್ಮ ಬ್ಯಾಟರಿ ಸದಾ ತುಂಬಿರಲಿ, ತಮ್ಮ ಗಾಜು ಹೊಳೆಯುತ್ತಿರಲಿ ಎಂದಷ್ಟೇ ಹಾರೈಸುತ್ತೇನೆ. ಆ ಗಾಜಿನ ಮೇಲೆ ಬಿದ್ದ ಗೀರುಗಳ ವಿಚಾರಕ್ಕೆ ಆಮೇಲೆ ಬರುತ್ತೇನೆ. ನಾನು ಹೆಚ್ಚು ಓದಿದವಳಲ್ಲ. ಹಳೆಯ ಪತ್ರಿಕೆಗಳನ್ನು ಅಂಗಿಯ ನಮೂನೆಗೆಂದು ಕತ್ತರಿಸುವ ಮೊದಲು ಒಂದು ಸಲ ಓದಿ ನೋಡುತ್ತ ನೋಡುತ್ತ ಬರವಣಿಗೆ ಕಲಿತವಳು. ಆದ್ದರಿಂದ ನನ್ನ ವಾಕ್ಯ ಎಲ್ಲಾದರೂ ತೋಳಿನ ಆಕಾರದಲ್ಲಿ ಅರ್ಧಕ್ಕೇ ತಿರುಗಿಬಿಟ್ಟರೆ ದೊಡ್ಡ ಮನಸ್ಸು ಮಾಡಿ ಮನ್ನಿಸಬೇಕು.

ಇದನ್ನು ಗುಟ್ಟಾಗಿ ಬರೆಯದೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣವುಂಟು. ನಮ್ಮ ನೆಂಟರಿಷ್ಟರ ಪೈಕಿ ಪ್ರತಿಯೊಬ್ಬರೂ ಈಗ ಒಂದೊಂದು ಗಡಿಯಾರ ಕಟ್ಟಿಕೊಳ್ಳುವ ಹುರುಪಿನಲ್ಲಿದ್ದಾರೆ, ಕೈಗೆಟಕುವ ಬೆಲೆಯಲ್ಲಿ ಯಾವುದು ಚೆನ್ನ ಎಂದು ನನಗೇ ಫೋನು ಮಾಡಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಿ ಬಾಯಿ ನೋಯಿಸಿಕೊಳ್ಳುವುದಕ್ಕಿಂತ ತಮಗೇ ಒಂದು ದೂರು ಬರೆದು ಅದರ ಪ್ರತಿಯನ್ನು ಅವರೆಲ್ಲರಿಗೂ ಕಳಿಸಿದರೆ ತಮಗೂ ಕೀರ್ತಿ, ಅವರಿಗೂ ಬುದ್ಧಿ.

ತಾವು ನಮ್ಮ ಮನೆಗೆ ದಯಮಾಡಿಸಿದ ಸಂದರ್ಭವನ್ನು ಮೊದಲು ನೆನಪಿಸುತ್ತೇನೆ. ಒಂದು ದಿನ ಮಹಡಿಯ ಮೇಲಿನ ನಮ್ಮ ಮನೆಗೆ ಮೆಟ್ಟಿಲು ಹತ್ತುವಾಗ ನನಗೆ ತಲೆ ಸುತ್ತಿತು, ಕಂಬಿ ಹಿಡಿದು ಅಲ್ಲೇ ಕುಳಿತುಬಿಟ್ಟೆ. ಮಗಳು ನೋಡಿದಳು. ಡಾಕ್ಟರು ಎದೆ, ರಕ್ತ, ಕಣ್ಣು, ಎಲ್ಲ ತಪಾಸಣೆ ಮಾಡಿ ಅಂಥದ್ದೇನೂ ಇಲ್ಲ ಎಂದರು. ಹೊರಡುವಾಗ ಮಾತ್ರ ಬಾಗಿಲಲ್ಲಿ ನಿಲ್ಲಿಸಿ, "ಕೂತು ಮಾಡೋ ಕೆಲಸ ಅಲ್ವಾ ಅಮ್ಮ, ಸ್ವಲ್ಪ ಮೈ ಆಡಿಸಿ" ಎಂದರು. ಆ ಒಂದು ಮಾತು ಮಗಳ ಕಿವಿಯಲ್ಲಿ ಮೊಳೆ ಹೊಡೆದ ಹಾಗೆ ಕುಳಿತುಬಿಟ್ಟಿತು. ಅವಳನ್ನು ನಾನು ದೂರುವುದಿಲ್ಲ. ಅವಳಪ್ಪ ಒಂದು ಬೆಳಿಗ್ಗೆ ಕುರ್ಚಿಯಲ್ಲಿ ಪತ್ರಿಕೆ ಹಿಡಿದು ಕುಳಿತವರು ಮತ್ತೆ ಏಳಲೇ ಇಲ್ಲ. ಅಂದಿನಿಂದ ಮನೆಯಲ್ಲಿ ಯಾರಾದರೂ ಸ್ವಲ್ಪ ಹೆಚ್ಚು ಹೊತ್ತು ಕುಳಿತರೂ ಅವಳು ಏನಾದರೊಂದು ನೆವ ತೆಗೆದು ಹೆಸರು ಹಿಡಿದು ಕೂಗುತ್ತಾಳೆ, ಉತ್ತರ ಬಂದ ಮೇಲೆ ಏನೂ ಇಲ್ಲ ಬಿಡು ಎನ್ನುತ್ತಾಳೆ.

ಅವಳು ನಗರ ಸಾರಿಗೆಯ ಬಸ್ಸು ಓಡಿಸುವವಳು, ತಿರುವು ತೆಗೆದುಕೊಂಡರೆ ಅರ್ಧದಲ್ಲಿ ಬಿಡುವವಳಲ್ಲ. ಮರುದಿನವೇ ತೀರ್ಪು ಕೊಟ್ಟಳು: "ಅಮ್ಮ, ಅಂಗಡಿ ಮುಚ್ಚೋಣ. ಮಷಿನ್ನು ಯಾರಿಗಾದ್ರೂ ಕೊಟ್ಟುಬಿಡೋಣ. ನೀನು ಪಾರ್ಕಿನಲ್ಲಿ ಆರಾಮಾಗಿ ನಡೆದಾಡ್ಕೊಂಡಿರು." ನಾನು ಅವಳ ಹುಟ್ಟಿಗಿಂತ ಹಳೆಯದಾದ ನನ್ನ ಕಾಲಿನಲ್ಲಿ ತುಳಿಯುವ ಮಷಿನ್ನಿನ ಮೇಲೆ ಕೈಯಿಟ್ಟು, ನಾನು ದಿನವಿಡೀ ಕಾಲಾಡಿಸುತ್ತಲೇ ಇರುತ್ತೇನಲ್ಲೇ ಎಂದೆ. ವಾದ ಸಂಜೆಯವರೆಗೆ ನಡೆದು ಕೊನೆಗೆ ರಾಜಿಯಾದದ್ದು ಹೀಗೆ: ಒಂದು ತಿಂಗಳು ನಾನು ಗಡಿಯಾರ ಕಟ್ಟಿಕೊಳ್ಳುವುದು, ನಾನು ಸಾಕಷ್ಟು ಮೈ ಆಡಿಸುತ್ತಿದ್ದೇನೆಂದು ಗಡಿಯಾರ ಹೇಳಿದರೆ ಅಂಗಡಿ ಉಳಿಯುವುದು, ಇಲ್ಲವೆಂದರೆ ಬಾಗಿಲು ಮುಚ್ಚುವುದು. ಹೀಗೆ, ಮಾನ್ಯರೇ, ತಮ್ಮ ಮುಖವನ್ನು ನೋಡುವ ಮೊದಲೇ ನನ್ನ ಅನ್ನದ ಬಾಗಿಲಿನ ಬೀಗದ ಕೈ ತಮ್ಮ ಕೈಗೆ ಹೋಯಿತು.

ಇನ್ನು ತಮ್ಮನ್ನು ಆರಿಸಿದ ವೈಭವ. ಬೆಲೆ ಒಂದು ಕೋಟಿನ ಹೊಲಿಗೆ ಕೂಲಿಯನ್ನು ಮೀರಬಾರದು ಎಂದು ಮಗಳು ಗೆರೆ ಹಾಕಿದ್ದಳು. ಈ ವಿದ್ಯೆಯಲ್ಲಿ ನುರಿತ ನನ್ನ ತಂಗಿ ಹಿಂದಿನ ದಿನವೇ ಫೋನಿನಲ್ಲಿ ಪಾಠ ಮಾಡಿದ್ದಳು: "ಅಕ್ಕ, ಬ್ಯಾಟರಿ ಎಷ್ಟು ದಿನ ಬರುತ್ತೆ ಕೇಳು, ನೀರಿಗೆ ತಡೆಯುತ್ತಾ ಕೇಳು, ಎದೆಬಡಿತ ಸರಿಯಾಗಿ ತೋರಿಸುತ್ತಾ ಅಂತ ಅಲ್ಲೇ ಕಟ್ಟಿ ನೋಡು. ಚಂದ ನೋಡಿ ಮರುಳಾಗಬೇಡ." ನಾನು ಎಲ್ಲಕ್ಕೂ ಹೂಂ ಹೂಂ ಎಂದೆ. ಅಂಗಡಿಯಲ್ಲಿ ಮಾರುವ ಹುಡುಗಿ ತಮ್ಮ ಕುಲಬಾಂಧವರನ್ನೆಲ್ಲ ಗಾಜಿನ ಮೇಲೆ ಸಾಲಾಗಿ ಮಲಗಿಸಿ, ಇದು ಆಮ್ಲಜನಕ ಹೇಳುತ್ತೆ, ಇದು ಮನಸ್ಸಿನ ಒತ್ತಡ ಹೇಳುತ್ತೆ, ಇದು ಕರೆ ಬಂದರೆ ಕೈಯಲ್ಲೇ ಮಾತಾಡಿಸುತ್ತೆ ಎಂದು ಒಂದೇ ಉಸಿರಿನಲ್ಲಿ ವರ್ಣಿಸಿ, "ಇದ್ರಲ್ಲಿ ನೂರು ಥರದ ಆಟ ಇದೆ ಆಂಟಿ, ಕುದುರೆ ಸವಾರಿನೂ ಇದೆ" ಎಂದಳು. "ನಂಗಿರೋದು ಒಂದೇ ಕೆಲಸ ಕಣಮ್ಮ" ಎಂದೆ.

ಅವಳು ತಮ್ಮ ಗಾಜನ್ನು ಬೆರಳಿನಿಂದ ತಟ್ಟಿ ತಟ್ಟಿ ಹೃದಯ, ಶ್ವಾಸಕೋಶ, ಚಂದ್ರ, ಮೋಡ ಎಲ್ಲವನ್ನೂ ತೋರಿಸುತ್ತಿದ್ದಾಗ ನನ್ನ ಹೆಬ್ಬೆರಳು ತಾನಾಗಿ ಹೋಗಿ ತಮ್ಮ ಪಟ್ಟಿಯ ಮೇಲೆ ಕುಳಿತಿತ್ತು. ಉಳಿದವರದೆಲ್ಲ ಬೆವರಿಗೆ ಅಂಟುವ ರಬ್ಬರಿನ ಪಟ್ಟಿ. ತಮ್ಮದು ನೇಯ್ದ ಪಟ್ಟಿ. ಮಗ್ಗುಲು ತಿರುಗಿಸಿದೆ, ಅಡ್ಡ ಎಳೆದೆ, ಅಂಚನ್ನು ಉಗುರಿನಿಂದ ಗೀಚಿದೆ. ಎರಡು ಸಾಲು ಹೊಲಿಗೆ, ಒಂದು ದಾರ ಹೊರಗಿಲ್ಲ, ಬಕಲಿನ ಹತ್ತಿರ ಮಡಿಕೆ ಕೊಟ್ಟು ಮತ್ತೆ ಹಿಂದಕ್ಕೆ ಹೊಲಿದು ಗಟ್ಟಿ ಮಾಡಿದ್ದಾರೆ. ಇಷ್ಟು ಅಚ್ಚುಕಟ್ಟಾಗಿ ಅಂಚು ಕಟ್ಟಿದವರು ಒಳಗೂ ಮೋಸ ಮಾಡಿರಲಾರರು ಎಂದು ನಾನು ನಂಬಿದೆ. ಬ್ಯಾಟರಿ ಕೇಳಲಿಲ್ಲ, ನೀರು ಕೇಳಲಿಲ್ಲ, ಎದೆಬಡಿತವನ್ನಂತೂ ಮರೆತೇಬಿಟ್ಟೆ. ಬಟ್ಟೆ ಕೊಳ್ಳುವ ಹಾಗೆ ತಮ್ಮನ್ನು ಕೊಂಡೆ. ಮನೆಗೆ ಬಂದ ಮೇಲೆ ತಂಗಿ, "ಬ್ಯಾಟರಿ ಎಷ್ಟು ದಿನ ಬರುತ್ತಂತೆ?" ಎಂದು ಕೇಳಿದಾಗ, "ಹೊಲಿಗೆ ಬಿಗಿಯಾಗಿದೆ" ಎಂದು ಉತ್ತರ ಕೊಟ್ಟವಳು ನಾನು. ಈ ಒಂದು ವಿಷಯದಲ್ಲಿ ತಮ್ಮದು ತಪ್ಪಿಲ್ಲ ಎಂದು ಬಹಿರಂಗವಾಗಿಯೇ ಒಪ್ಪುತ್ತೇನೆ.

ತಾವು ಬಂದು ಕುಳಿತ ಜಾಗ ಬರಿದಾಗಿರಲಿಲ್ಲ ಎಂಬುದನ್ನೂ ತಮ್ಮ ಗಮನಕ್ಕೆ ತರಬೇಕು. ಹೊಲಿಗೆಯವರ ಎಡಗೈ ಮಣಿಕಟ್ಟಿನಲ್ಲಿ ಪಿನ್ನು ಚುಚ್ಚುವ ಪುಟ್ಟ ದಿಂಬು ಇರುತ್ತದೆ. ಬಲಗೈ ಅದರಿಂದ ಪಿನ್ನು ತೆಗೆಯುತ್ತದೆ, ಬಟ್ಟೆಗೆ ಹಾಕುತ್ತದೆ, ಹೊಲಿದಾದ ಮೇಲೆ ತೆಗೆದು ಮತ್ತೆ ಅದಕ್ಕೇ ಚುಚ್ಚುತ್ತದೆ. ಕಣ್ಣು ನೋಡುವ ಅಗತ್ಯವೇ ಇಲ್ಲ. ತಾವು ಬಂದ ದಿನ ಆ ದಿಂಬು ಗೋಡೆಯ ಮೊಳೆಗೆ ಹೋಗಿ ನೇತುಬಿದ್ದಿತು, ಆದರೆ ನನ್ನ ಬಲಗೈಗೆ ಆ ಸುದ್ದಿ ಯಾರೂ ಮುಟ್ಟಿಸಲಿಲ್ಲ. ಅದು ತನ್ನ ಪಾಡಿಗೆ ಹೋಗಿ ತಮ್ಮ ಮುಖಕ್ಕೇ ಪಿನ್ನು ಚುಚ್ಚಿತು. ಚುಚ್ಚುತ್ತಲೇ ಇತ್ತು. ತಮ್ಮ ಗಾಜಿನ ಗೀರುಗಳಿಗೆ ಇದೇ ಕಾರಣ, ದ್ವೇಷವಲ್ಲ, ಅಭ್ಯಾಸ. ನನ್ನ ಪಿನ್ನುಗಳೂ ಮೂಗು ಸೊಟ್ಟ ಮಾಡಿಕೊಂಡವು, ಆದ್ದರಿಂದ ಆ ಲೆಕ್ಕ ಚುಕ್ತಾ ಎಂದುಕೊಳ್ಳೋಣ.

ಈಗ ತಮ್ಮ ಸೇವೆಯ ಗುಣಗಾನ. ಹೊಲಿಗೆಯ ಕಸುಬಿನಲ್ಲಿ ಓಡುವುದು ಕಾಲು, ಕೈ ಕದಲಬಾರದು. ಕಾಲರಿನ ತಿರುವಿನಲ್ಲಿ ಮಣಿಕಟ್ಟು ಕೂದಲೆಳೆಯಷ್ಟು ಅಲುಗಿದರೂ ಗಿರಾಕಿಯ ಕುತ್ತಿಗೆ ಜೀವನಪರ್ಯಂತ ಒಂದು ಕಡೆಗೆ ವಾಲಿದಂತೆ ಕಾಣುತ್ತದೆ. ಕೈಯನ್ನು ಹೀಗೆ ಕಲ್ಲಿನಂತೆ ಇಟ್ಟುಕೊಂಡು, ಕೆಳಗೆ ಎರಡೂ ಕಾಲಿನಿಂದ ಪೆಡಲು ತುಳಿಯುತ್ತ ಇರುವುದನ್ನು ಕಲಿಯಲು ನನಗೆ ವರ್ಷಗಳು ಹಿಡಿದವು. ಆ ವಿದ್ಯೆಗೆ ತಾವು ಇಟ್ಟ ಹೆಸರು "ನಿದ್ರೆ". ನಾನು ಮದುವೆಯ ಕೋಟೊಂದಕ್ಕೆ ತೋಳು ಕೂಡಿಸುತ್ತ ಬೆವರುತ್ತಿದ್ದ ಮಧ್ಯಾಹ್ನವನ್ನು ತಾವು ಗಾಢ ನಿದ್ರೆಯೆಂದು ಮಗಳ ಫೋನಿಗೆ ವರದಿ ಮಾಡಿದಿರಿ. ಅವಳು ಸಂಜೆ ಬಂದು ಚಪ್ಪಲಿ ಬಿಡುವ ಮೊದಲೇ, "ಏನಮ್ಮ, ಇವತ್ತೂ ಚೆನ್ನಾಗಿ ನಿದ್ದೆ ಮಾಡಿದ್ಯಂತೆ?" ಎಂದಳು. ಸಿದ್ಧವಾದ ಕೋಟನ್ನು ಎತ್ತಿ ತೋರಿಸಿ, ಇದನ್ನು ಕನಸಿನಲ್ಲಿ ಹೊಲಿದೆ ಎಂದೆ. ಅವಳು ನಗಲಿಲ್ಲ.

ನಿದ್ರಿಸುವವರನ್ನು ಎಬ್ಬಿಸುವ ಕರ್ತವ್ಯವನ್ನೂ ತಾವು ಮರೆತವರಲ್ಲ. ವಕೀಲರೊಬ್ಬರ ಕರಿ ಕೋಟಿಗೆ ಕಾಲರ್ ತಿರುಗಿಸುತ್ತಿದ್ದ ಅದೇ ಗಳಿಗೆಯಲ್ಲಿ ತಾವು ಜೇನುಹುಳದಂತೆ ಗುರ್ರೆಂದು ನಡುಗಿ, "ಎದ್ದೇಳಿ! ದೇಹಕ್ಕೆ ಚಲನೆ ಬೇಕು!" ಎಂದು ಉಪದೇಶಿಸಿದಿರಿ. ನನ್ನ ದೇಹ ಎದ್ದಿತು, ಕಾಲರೂ ಎದ್ದಿತು. ಅದನ್ನು ಬಿಚ್ಚಿ ಮತ್ತೆ ಹೊಲಿದದ್ದರ ಕೂಲಿಯನ್ನು ತಮ್ಮ ಹೆಸರಿಗೆ ಹಾಕೋಣವೆಂದರೆ ತಮಗೆ ಜೇಬಿಲ್ಲ. ಆದರೆ ಸಂಜೆ ಅಂಗಡಿ ಮುಚ್ಚುವಾಗ ಮೇಜಿನ ಮೇಲಿನ ಬಟ್ಟೆಯ ಚೂರುಗಳನ್ನು ನಾಲ್ಕು ಸಲ ಒದರಿದ್ದಕ್ಕೆ, "ಶಹಬ್ಬಾಸ್, ಉತ್ತಮ ನಡಿಗೆ!" ಎಂದು ಬೆನ್ನು ತಟ್ಟಿದಿರಲ್ಲ, ಆ ಔದಾರ್ಯವನ್ನು ನಾನು ಮರೆಯಲಾರೆ. ನನ್ನ ತಂಗಿಯ ವಿಷಯದಲ್ಲಂತೂ ತಮ್ಮ ಬಳಗ ಧಾರಾಳಿಯೇ ಸರಿ. ಅವಳಿಗೆ ಕೈಬೀಸದೆ ಮಾತೇ ಹೊರಡುವುದಿಲ್ಲ. ಸೋಫಾದ ಮೇಲೆ ಕಾಲು ಮಡಚಿ ಕುಳಿತು ಪಕ್ಕದ ಮನೆಯ ಜಗಳವನ್ನು ನನಗೆ ಫೋನಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಅವಳ ಗಡಿಯಾರ ಅವಳನ್ನು ಪಕ್ಕದ ಊರಿಗೆ ನಡೆಸಿ ಕರೆತಂದಿರುತ್ತದೆ. "ಅಕ್ಕ, ನೀನೂ ಸ್ವಲ್ಪ ಮಾತಾಡೋದು ಕಲಿ" ಎಂದು ನನಗೆ ಆರೋಗ್ಯಸೂತ್ರ ಬೇರೆ.

ನಾನೂ ಕೈಕಟ್ಟಿ ಕೂರಲಿಲ್ಲ. ತಮ್ಮ ನೂರು ಆಟಗಳಲ್ಲಿ ಹೊಲಿಗೆ ಇಲ್ಲದಿದ್ದರೂ ಸೈಕಲ್ಲಾದರೂ ಇದೆಯಲ್ಲ, ಎರಡಕ್ಕೂ ಪೆಡಲೇ ತಾನೇ ಎಂದು ಅದನ್ನು ಒತ್ತಿ ಇಡೀ ಬೆಳಿಗ್ಗೆ ತುಳಿದೆ. ತಾವು, "ಸವಾರಿ ಇನ್ನೂ ಆರಂಭವಾಗಿಲ್ಲ" ಎಂದಿರಿ. ನಿಜ, ನನ್ನ ಸೈಕಲ್ಲು ಇಷ್ಟು ವರ್ಷವಾದರೂ ಕಿಟಕಿ ಬಿಟ್ಟು ಕದಲಿಲ್ಲ. ಅದರ ಮೇಲೆ ಕುಳಿತೇ ನಾನು ಒಬ್ಬ ಮಗಳನ್ನು ಓದಿಸಿ ಬಸ್ಸಿನ ಸ್ಟೇರಿಂಗಿನವರೆಗೆ ತಲುಪಿಸಿದೆ ಎಂಬುದು ಸವಾರಿಯ ಲೆಕ್ಕಕ್ಕೆ ಬರುವುದಿಲ್ಲವೆಂದು ಕಾಣುತ್ತದೆ.

ಆಗ ನನ್ನ ತಲೆಗೆ ಆ ಹಾಳು ಉಪಾಯ ಹೊಳೆಯಿತು. ಓಡುವುದು ಕಾಲಾದರೆ ಗಡಿಯಾರವೂ ಕಾಲಿಗೇ ಇರಬೇಕಲ್ಲವೇ? ತಮ್ಮನ್ನು ಕೈಯಿಂದ ಬಿಚ್ಚಿ, ಆ ಸೊಗಸಾದ ಪಟ್ಟಿಗೆ ಒಂದು ತುಂಡು ಎಲಾಸ್ಟಿಕ್ ಸೇರಿಸಿ, ಬಲಗಾಲಿನ ಹರಡಿನ ಮೇಲೆ ಕಾಲುಚೀಲದ ಹೊರಗೆ ಕಟ್ಟಿಕೊಂಡು ತುಳಿಯಲು ಕುಳಿತೆ. ಅಂದು ನನಗಾದ ಸಂತೋಷ ಹೇಳತೀರದು. ಮಷಿನ್ನು ಹಾಡುತ್ತಿತ್ತು, ನಾನೂ ಗುನುಗುತ್ತಿದ್ದೆ; ಮೇಜಿನ ಮೂಲೆಯಲ್ಲಿ ಬಟ್ಟೆಯ ರಾಶಿಯ ಕೆಳಗೆ ನನ್ನ ಫೋನು ಬಡಿದುಕೊಂಡದ್ದು ಆ ಸದ್ದಿನಲ್ಲಿ ಕೇಳಿಸಲೇ ಇಲ್ಲ. ಕಾಲುಚೀಲದ ಮೇಲೆ ನಾಡಿ ಹುಡುಕಿ ಸಿಗದ ತಾವು ಅಷ್ಟರಲ್ಲಿ ಮಗಳಿಗೆ ಸುದ್ದಿ ಕಳಿಸಿಯಾಗಿತ್ತು: "ನಿಮ್ಮ ಪ್ರೀತಿಪಾತ್ರರ ಹೃದಯಬಡಿತ ದೊರೆಯುತ್ತಿಲ್ಲ."

ಅವಳು ಬಸ್ಸನ್ನು ಕೊನೆಯ ನಿಲ್ದಾಣ ಮುಟ್ಟಿಸಿ ಇಳಿದ ಮೇಲೆ ಅದನ್ನು ನೋಡಿದ್ದು. ಮುಂದಿನ ಸುತ್ತನ್ನು ಬೇರೊಬ್ಬರಿಗೆ ಒಪ್ಪಿಸಿ, ಆಟೋ ಸಿಗದೆ ಅರ್ಧ ದಾರಿ ಓಡಿಯೇ ಬಂದು, ಸಮವಸ್ತ್ರದಲ್ಲಿ ಬೆವರು ಸುರಿಸುತ್ತ ಬಾಗಿಲಲ್ಲಿ ನಿಂತಳು. ನಾನು ತಲೆಯೆತ್ತಿ, ಏನೇ ಇಷ್ಟು ಬೇಗ ಎಂದೆ. ಅವಳ ಕಣ್ಣು ನನ್ನ ಮುಖದಿಂದ ಕೈಗೆ, ಕೈಯಿಂದ ಕಾಲಿಗೆ ಇಳಿದು, ಅಲ್ಲಿ ಮಿಣಿಮಿಣಿ ಎನ್ನುತ್ತಿದ್ದ ತಮ್ಮ ಮೇಲೆ ನಿಂತಿತು. "ಅಮ್ಮ, ನಿನ್ನ ಎದೆ ಕಾಲಲ್ಲಿದ್ಯಾ?" ಎಂದು ಕೂಗಿದಳು. ನಗು ಬಂತು, ನಕ್ಕೆ. ಅವಳು ಗಿರಾಕಿಗಳ ಸ್ಟೂಲಿನ ಮೇಲೆ ಕುಸಿದು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಾಗ ನನ್ನ ನಗು ಅಲ್ಲೇ ನಿಂತುಹೋಯಿತು. ಮುಖದಿಂದ ಕೈ ತೆಗೆಯದೆಯೇ, "ಅಪ್ಪನೂ ಫೋನ್ ಎತ್ತಿರಲಿಲ್ಲ" ಎಂದಳು. ನಾನು ಕಾಲಿನಿಂದ ತಮ್ಮನ್ನು ಬಿಚ್ಚಿದೆ. ಮಾನ್ಯರೇ, ಈ ಪತ್ರದಲ್ಲಿ ನಾನು ತಮ್ಮನ್ನು ಎಷ್ಟೇ ಹೊಗಳಿರಲಿ, ಆ ಸ್ಟೂಲಿನ ಮೇಲೆ ಅವಳು ಕುಳಿತಿದ್ದ ಹೊತ್ತಿಗೆ ಮಾತ್ರ ನನ್ನ ಹತ್ತಿರ ಹೊಗಳಿಕೆಯಿಲ್ಲ.

ಎದ್ದು ಮುಖ ತೊಳೆದುಕೊಂಡು ಬಂದವಳು ಇನ್ನು ತಿಂಗಳು ಮುಗಿಯುವುದನ್ನೂ ಕಾಯುವುದು ಬೇಡ, ಬರುವ ವಾರವೇ ಅಂಗಡಿ ಮುಚ್ಚುವುದು ಎಂದಳು. ನಾನು ಎದುರಾಡಲಿಲ್ಲ. ಒಪ್ಪಿಸಿದ ಬಟ್ಟೆಗಳನ್ನು ಮುಗಿಸಿಕೊಡಲು ವಾರ ಸಾಕು ಎಂದೆ. ಒಂದೇ ಒಂದು ಬೇಡಿಕೆಯಿಟ್ಟೆ: "ನಾಳೆ ಒಂದು ದಿನ ಇದನ್ನ ನೀನು ಕಟ್ಕೊಂಡು ಹೋಗಮ್ಮ. ಮುಚ್ಚೋಕೆ ಹೇಳಿದ್ದು ಯಾರು ಅಂತ ನಿನಗೂ ಪರಿಚಯ ಆಗ್ಲಿ." ಹಟಕ್ಕೆ ಬಿದ್ದವಳಂತೆ ತಮ್ಮನ್ನು ಕಸಿದು ಕಟ್ಟಿಕೊಂಡಳು.

ಮರುದಿನ ತಾವು ಕಂಡ ಲೋಕವನ್ನು ನಾನು ಊಹಿಸಬಲ್ಲೆ. ನಮ್ಮ ರಸ್ತೆಗಳ ಹೊಂಡಗಳು ತಮ್ಮನ್ನು ಚೆನ್ನಾಗಿ ಕುಣಿಸಿರಬೇಕು. ದೊಡ್ಡ ಸ್ಟೇರಿಂಗನ್ನು ಅವಳು ಎಡಕ್ಕೆ ಬಲಕ್ಕೆ ಎಳೆದಾಗಲೆಲ್ಲ ತಾವು ಹಿಗ್ಗಿರಬೇಕು. ಸಂಜೆ ಡಿಪೋದಲ್ಲಿ ಅವಳು ಕೆಳಗಿಳಿದು ನಿಂತ ಕೂಡಲೇ ತಾವು ಗಾಜಿನ ತುಂಬ ಬಣ್ಣಬಣ್ಣದ ಪಟಾಕಿ ಹಾರಿಸಿ, ಕಿರೀಟವೊಂದನ್ನು ತೋರಿಸಿ, ಇಂದಿನ ಗುರಿಯನ್ನು ದುಪ್ಪಟ್ಟು ಮೀರಿದ್ದೀರಿ, ನೀವು ನಿಮ್ಮ ವಯಸ್ಸಿನವರಿಗೆಲ್ಲ ಮಾದರಿ ಎಂದಿರಂತೆ. ಬೆಳಗಿನಿಂದ ಸಂಜೆಯವರೆಗೆ ಸೀಟು ಬಿಟ್ಟು ಏಳದವಳಿಗೆ! ಕಂಡಕ್ಟರು ಅದನ್ನು ಬಗ್ಗಿ ನೋಡಿ, "ಅಕ್ಕ, ಬಸ್ಸು ನಡೆದದ್ದನ್ನೂ ನಿಮ್ಮ ಲೆಕ್ಕಕ್ಕೇ ಬರ್ಕೊಂಡಿದೆ. ಬಸ್ಸು ತುಂಬಿತ್ತಲ್ಲ, ಆ ಜನರ ಹೆಜ್ಜೇನೂ ಸೇರಿಸಿರ್ಬೇಕು" ಎಂದನಂತೆ.

ಅವಳು ನೇರವಾಗಿ ಅಂಗಡಿಗೆ ಬಂದು ಅದೇ ಸ್ಟೂಲಿನ ಮೇಲೆ ಕುಳಿತಳು. ನಾನು ಪೆಡಲು ತುಳಿಯುತ್ತಲೇ ಇದ್ದೆ. ಅವಳು ಬಗ್ಗಿ ಮೇಜಿನ ಕೆಳಗೆ ನನ್ನ ಕಾಲುಗಳನ್ನು ನೋಡಿದಳು. ಇಷ್ಟು ವರ್ಷ ಆ ಮೇಜಿನ ಎದುರೇ ಬೆಳೆದವಳು ಅದರ ಕೆಳಗೆ ಏನು ನಡೆಯುತ್ತದೆಂದು ಅಂದೇ ಮೊದಲು ನೋಡಿದ ಹಾಗಿತ್ತು. ಒಂದು ತೋಳು ಮುಗಿಯುವವರೆಗೂ ನೋಡಿದಳು. ಆಮೇಲೆ, "ಈ ಲೆಕ್ಕದಲ್ಲಿ ಪಾರ್ಕಿಗೆ ಹೋಗ್ಬೇಕಾದವಳು ನಾನು" ಎಂದಳು.

ಹೀಗಾಗಿ ಅಂಗಡಿ ಉಳಿಯಿತು. ಡಾಕ್ಟರ ಮಾತನ್ನು ತಳ್ಳಿಹಾಕಿಲ್ಲ. ನಡಿಗೆಯ ಮೇಲೆ ನನಗೆ ಯಾವ ದೂರೂ ಇಲ್ಲ, ದೂರಿರುವುದು ತಮ್ಮ ಮೇಲೆ. ಈಗ ಸಂಜೆ ಮಷಿನ್ನಿಗೆ ಹೊದಿಕೆ ಹಾಕಿ ನಾನು ಡಿಪೋವರೆಗೆ ನಡೆದುಹೋಗುತ್ತೇನೆ, ಅಲ್ಲಿಂದ ಇಬ್ಬರೂ ಜೊತೆಯಾಗಿ ನಡೆದು ಬರುತ್ತೇವೆ. ದಾರಿಯುದ್ದಕ್ಕೂ ಅವಳು ಪ್ರಯಾಣಿಕರ ಕತೆ ಹೇಳುತ್ತಾಳೆ, ನಾನು ಗಿರಾಕಿಗಳ ಸೊಂಟದ ಕತೆ ಹೇಳುತ್ತೇನೆ. ಪಟಾಕಿ ಯಾರೂ ಹಾರಿಸುವುದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಸವಿನಯ ಬೇಡಿಕೆಗಳು. ನನ್ನ ಮಷಿನ್ನಿನ ಪೆಡಲಿಗೆ ತಾವು ಲಿಖಿತವಾಗಿ ಕ್ಷಮೆ ಕೇಳಬೇಕು, ಅದು ಮಾತಾಡುವುದಿಲ್ಲವಾದ್ದರಿಂದ ನಾನೇ ಅದರ ಪರವಾಗಿ ಸಹಿ ಹಾಕಿ ಸ್ವೀಕರಿಸುತ್ತೇನೆ. ನನ್ನ ಮಗಳಿಗೆ ಕೊಟ್ಟ ಕಿರೀಟವನ್ನು ವಾಪಸು ಪಡೆದು ರಸ್ತೆ ರಿಪೇರಿ ಮಾಡದವರ ತಲೆಗೆ ಇಡಬೇಕು, ಅದನ್ನು ನಿಜವಾಗಿ ಗಳಿಸಿದವರು ಅವರು. ಕುದುರೆ ಸವಾರಿಯನ್ನು ತೆಗೆದು ಆ ಜಾಗದಲ್ಲಿ ಹೊಲಿಗೆ, ರೊಟ್ಟಿ ಲಟ್ಟಿಸುವುದು, ನೆಲ ಒರೆಸುವುದು, ಮಗುವನ್ನು ಸೊಂಟದಲ್ಲಿ ಹೊತ್ತು ಇನ್ನೊಂದು ಕೈಯಲ್ಲಿ ಬಾಗಿಲು ತೆಗೆಯುವುದು ಇವನ್ನು ಸೇರಿಸಬೇಕು. ಅಷ್ಟು ಸಾಧ್ಯವಾಗದಿದ್ದರೆ, ಕೂತವರನ್ನು ಎಬ್ಬಿಸುವ ಮೊದಲು ಅವರ ಕಾಲನ್ನೊಮ್ಮೆ ಬಗ್ಗಿ ನೋಡುವ ಸೌಜನ್ಯವನ್ನಾದರೂ ಕಲಿಯಬೇಕು. ಇನ್ನು ಗಡಿಯಾರ ಕೊಳ್ಳಲು ಹೊರಟ ನನ್ನ ನೆಂಟರಿಗೆ ಇಷ್ಟೇ: ದಿನವೆಲ್ಲ ನಿಮ್ಮ ಮೈಯಲ್ಲಿ ದುಡಿಯುವುದು ಯಾವ ಅಂಗವೆಂದು ಮೊದಲು ನೋಡಿಕೊಳ್ಳಿ, ಅದು ಕೈಯಲ್ಲವಾದರೆ ದುಡ್ಡು ಪೆಟ್ಟಿಗೆಯಲ್ಲೇ ಇರಲಿ. ಕೊಂಡೇ ಕೊಳ್ಳುವುದಾದರೆ ಕಟ್ಟಿ ಅಂಗಡಿಯಲ್ಲೇ ನಾಲ್ಕು ಹೆಜ್ಜೆ ನಡೆದು ನೋಡಿ, ಆಮೇಲೆ ಸ್ಟೂಲಿನ ಮೇಲೆ ಕುಳಿತು ಕೈಬೀಸಿ ನೋಡಿ. ಎರಡಕ್ಕೂ ಒಂದೇ ಮರ್ಯಾದೆ ಕೊಟ್ಟರೆ ನನ್ನ ತಂಗಿಗೆ ಕೊಡಿಸಿ.

ಪಟ್ಟಿಯ ವಿಚಾರ ಉಳಿಯಿತು. ನಾನು ಆರಿಸಿದ್ದು ಅದನ್ನೇ ಆದ್ದರಿಂದ ಅದನ್ನು ನಾನೇ ಇಟ್ಟುಕೊಂಡಿದ್ದೇನೆ. ತಮ್ಮನ್ನು ಅದರಿಂದ ಬಿಡಿಸಿ, ಆ ಜಾಗಕ್ಕೆ ಮೊಳೆಯಲ್ಲಿ ನೇತಾಡುತ್ತಿದ್ದ ಪಿನ್ನಿನ ದಿಂಬನ್ನು ತಂದು ನಾಲ್ಕೂ ಬದಿ ಹೊಲಿದೆ. ಅಳತೆ ಮಾಡಿ ತಂದಂತೆ ಕೂಡಿತು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಮಗಳು ಅಂಗಡಿಗೆ ಇಣುಕಿ, ಕೊಡು ನಾನೇ ಕಟ್ಟುತ್ತೇನೆ ಎಂದು ಅದನ್ನು ನನ್ನ ಮಣಿಕಟ್ಟಿಗೆ ಬಿಗಿಯುತ್ತಾಳೆ. ಬಿಗಿದಾದ ಮೇಲೂ ಅವಳ ಹೆಬ್ಬೆರಳು ನಾಡಿಯ ಮೇಲೆ ಸ್ವಲ್ಪ ಹೊತ್ತು ಇರುತ್ತದೆ. ಇಬ್ಬರೂ ಕಿಟಕಿಯ ಕಡೆ ನೋಡುತ್ತೇವೆ. ಸರಿ, ಬರ್ತೀನಮ್ಮ ಎಂದು ಅವಳು ಹೋದ ಮೇಲೆ ನಾನು ಪೆಡಲಿನ ಮೇಲೆ ಕಾಲಿಡುತ್ತೇನೆ.

ಹೊಲಿಗೆ ಬಿಚ್ಚಿದರೂ ಮರ್ಯಾದೆ ಬಿಚ್ಚದ,
ತಮ್ಮ ವಿಶ್ವಾಸಿ,
ಮೆಟ್ಟಿಲ ಕೆಳಗಿನ ಅಂಗಡಿಯ ಹೊಲಿಗೆಯಮ್ಮ
(ಎರಡು ಕಾಲುಗಳ ಪರವಾಗಿಯೂ)

ತಾ.ಕ.: ತಮ್ಮ ಈಗಿನ ವಿಳಾಸ ನನ್ನ ಗುಂಡಿಗಳ ಡಬ್ಬಿ. ಕೋಟಿನ ಗುಂಡಿ, ಅಂಗಿಯ ಗುಂಡಿ, ಜೊತೆ ತಪ್ಪಿದ ಹಿತ್ತಾಳೆಯ ಗುಂಡಿ ಎಲ್ಲವೂ ತಮ್ಮ ಸಹವಾಸದಲ್ಲಿ ಸುಖವಾಗಿವೆ. ನಿನ್ನೆ ತಾವು ಮಗಳ ಫೋನಿಗೆ, "ಹೃದಯಬಡಿತ ಸಹಜ, ನಿದ್ರೆ ಅತ್ಯುತ್ತಮ, ಹೀಗೇ ಮುಂದುವರಿಯಿರಿ" ಎಂದು ಕಳಿಸಿದ ಅಭಿನಂದನೆಯನ್ನು ಗುಂಡಿಗಳಿಗೆ ಓದಿ ಹೇಳಿದ್ದೇನೆ. ಅವು ಕದಲಲಿಲ್ಲ, ತಾವು ಬೆಳಿಗ್ಗೆಯಿಂದ ಎದ್ದೇಳಿ ಎಂದು ಗುರ್ರೆನ್ನುತ್ತಲೇ ಇದ್ದೀರಿ.